ಸೊರ್ಕಾರ್ ಮನೆತನದ ‘ಇಂದ್ರಜಾಲ’

1956ರ ಏಪ್ರಿಲ್ 9ರ ರಾತ್ರಿ. ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮದಲ್ಲಿ ರಾಜಪೋಷಾಕು ತೊಟ್ಟು ಪೇಟ ಸುತ್ತಿದ್ದ ಭಾರತದ ಜಾದೂಗಾರರೊಬ್ಬರು ಹದಿನೇಳರ ಹುಡುಗಿಯನ್ನು ಮೇಜಿನ ಮೇಲೆ ಮಲಗಿಸಿ, ಗಿರ್ರನೆ ತಿರುಗುವ ಗರಗಸವನ್ನು ಅವಳ ನಡುವಿನ ಮೂಲಕ ಹಾಯಿಸಿದರು. ಗರಗಸ ನಿಂತಿತು. ಹುಡುಗಿಯ ಕೈ ತಿಕ್ಕಿದರು, ಕರೆದರು. ಅವಳು ಮಿಸುಕಲಿಲ್ಲ. ಜಾದೂಗಾರ ತಲೆಯಾಡಿಸಿ ಅವಳ ಮುಖಕ್ಕೆ ಕಪ್ಪು ಬಟ್ಟೆ ಹೊದಿಸಿದರು. ಅಷ್ಟರಲ್ಲಿ ನಿರೂಪಕ ರಿಚರ್ಡ್ ಡಿಂಬಲ್ಬಿ ಕ್ಯಾಮೆರಾಗೆ ಅಡ್ಡ ಬಂದು, ಇವತ್ತಿನ ಕಾರ್ಯಕ್ರಮ ಮುಗಿಯಿತು ಎಂದುಬಿಟ್ಟರು.

ಕಣ್ಣೆದುರೇ ಕೊಲೆಯಾಯಿತೆಂದು ಹೆದರಿದ ಜನ ಬಿಬಿಸಿಗೆ ಫೋನು ಮಾಡತೊಡಗಿದರು. ಫೋನಿನ ಮಾರ್ಗಗಳೆಲ್ಲ ಕಟ್ಟಿಹೋದವು. ದೀಪ್ತಿ ದೇ ಎಂಬ ಆ ಹುಡುಗಿ ಕ್ಷೇಮವಾಗಿದ್ದಾಳೆ ಎಂದು ಸಂಸ್ಥೆ ಸಮಾಧಾನ ಹೇಳಬೇಕಾಯಿತು. ಮರುದಿನ ಪತ್ರಿಕೆಗಳಲ್ಲೆಲ್ಲ ಇದೇ ಸುದ್ದಿ. ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ ನಡೆಯಬೇಕಿದ್ದ ಆ ಜಾದೂಗಾರ ಪಿ.ಸಿ. ಸೊರ್ಕಾರರ ಪ್ರದರ್ಶನಗಳ ಟಿಕೆಟ್ಟುಗಳು ಬಿಕರಿಯಾಗಿ ಹೋದವು. ಸಮಯ ಮೀರಿದ್ದರಿಂದ ಕಾರ್ಯಕ್ರಮವನ್ನು ಹಾಗೆ ನಡುವೆಯೇ ಮುಗಿಸಬೇಕಾಯಿತು ಎಂಬುದು ಅಂದು ಕೊಟ್ಟ ಕಾರಣ. ಗಳಿಗೆ ಗಳಿಗೆಯನ್ನೂ ಲೆಕ್ಕವಿಟ್ಟು ಆಟ ಕಟ್ಟುತ್ತಿದ್ದ ಸೊರ್ಕಾರ್ ಅಂಥವರಿಗೆ ಸಮಯ ಮೀರಿತೆಂದರೆ ನಾನಂತೂ ಒಪ್ಪಲಾರೆ. ಆ ರಾತ್ರಿ ಕೆಲಸ ಮಾಡಿದ್ದು ಗರಗಸವಲ್ಲ, ಗರಗಸ ನಿಂತ ಮೇಲಿನ ಮೌನ. ಜಾದೂವನ್ನು ಚಿಕ್ಕಂದಿನಿಂದ ಹಚ್ಚಿಕೊಂಡ ನನಗೆ ಅವರು ದೊಡ್ಡವರಾಗಿ ಕಾಣುವುದು ಇದಕ್ಕೇ. ಎಲ್ಲಿ ತಡೆಯಬೇಕು, ಎಷ್ಟು ಹೊತ್ತು ತಡೆಯಬೇಕು ಎಂಬುದನ್ನು ಅವರಷ್ಟು ಬಲ್ಲವರು ಕಡಿಮೆ.

ಪ್ರತುಲ್ ಚಂದ್ರ ಸೊರ್ಕಾರ್ ಹುಟ್ಟಿದ್ದು 1913ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಟಾಂಗೈಲ್ ಸೀಮೆಯಲ್ಲಿ. ಬಂಗಾಳದ ಹೆಸರಾಂತ ಜಾದೂಗಾರ ಗಣಪತಿ ಚಕ್ರವರ್ತಿ ಅವರ ಗುರು. ಆ ಕಾಲಕ್ಕೆ ಭಾರತದ ಜಾದೂ ಎಂದರೆ ಬೀದಿಯ ಗಾರುಡಿಗರದು: ಬುಟ್ಟಿಯೊಳಗೆ ಹುಡುಗನನ್ನು ಕೂರಿಸಿ ಕತ್ತಿ ಚುಚ್ಚುವುದು, ಒಣ ಮಣ್ಣಿನಲ್ಲಿ ಮಾವಿನ ಗಿಡ ಬೆಳೆಸುವುದು, ಬಟ್ಟಲು ಮತ್ತು ಉಂಡೆಗಳ ಆಟ. ಸುತ್ತಲೂ ಜನ ನೆರೆದಿರುವಾಗ, ಪರದೆಯಿಲ್ಲದೆ, ದೀಪವಿಲ್ಲದೆ, ಹಾಡುಹಗಲಲ್ಲಿ ಅವರು ಮಾಡುತ್ತಿದ್ದ ಈ ಕೆಲಸ ಸಾಮಾನ್ಯವಾದುದಲ್ಲ. ಅದನ್ನು ನೋಡಿಹೋದ ಪಶ್ಚಿಮದ ಜಾದೂಗಾರರು ಮುಖಕ್ಕೆ ಬಣ್ಣ ಬಳಿದು, ಪೇಟ ಕಟ್ಟಿ, ಹಿಂದೂ ಫಕೀರರೆಂದು ಹೇಳಿಕೊಂಡು ತಮ್ಮ ನಾಡಿನಲ್ಲಿ ಹಣ ಮಾಡಿದರು. ವಿದ್ಯೆಯನ್ನು ಕೊಟ್ಟವರಿಗೆ ಮಾತ್ರ ಬೀದಿಯ ಧೂಳೇ ಗತಿಯಾಯಿತು.

ಸೊರ್ಕಾರ್ ಆ ಪೇಟವನ್ನು ಮರಳಿ ತಮ್ಮ ತಲೆಗೆ ಇಟ್ಟುಕೊಂಡರು. ಫಕೀರನಾಗಿ ಅಲ್ಲ, ಮಹಾರಾಜನಾಗಿ. ‘ಇಂದ್ರಜಾಲ’ ಎಂಬ ಅವರ ಪ್ರದರ್ಶನದಲ್ಲಿ ಬಣ್ಣದ ಪರದೆಗಳು, ವಾದ್ಯಮೇಳ, ನರ್ತಕಿಯರು, ಬೆಳಕಿನ ಚಮತ್ಕಾರ ಎಲ್ಲವೂ ಸೇರಿದವು. ನಮ್ಮವರಿಗೆ ಹೇಳುವುದಾದರೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ನೆನೆದುಕೊಳ್ಳಬೇಕು. ಅದೇ ವೈಭವ, ಸಂಸಾರದಂಥ ಅದೇ ತಂಡ, ಊರಿಂದೂರಿಗೆ ಪೆಟ್ಟಿಗೆ ಹೊತ್ತು ಸಾಗುವ ಅದೇ ಶ್ರಮ. ಕಥೆ ಹೇಳುವ ಜಾಗದಲ್ಲಿ ಇಲ್ಲಿ ಬೆರಗು. 1964ರಲ್ಲಿ ಅವರಿಗೆ ಪದ್ಮಶ್ರೀ ಬಂತು.

‘ಇಂದ್ರಜಾಲ’ದಲ್ಲಿ ನನಗೆ ಅತ್ಯಂತ ಪ್ರಿಯವಾದುದು ಎಲ್ಲಕ್ಕಿಂತ ಸಣ್ಣ ಆಟ. ‘ವಾಟರ್ ಆಫ್ ಇಂಡಿಯಾ’ ಎನ್ನುತ್ತಾರೆ. ಒಂದು ತಂಬಿಗೆಯಿಂದ ನೀರನ್ನು ಪೂರ್ತಿ ಸುರಿದು, ಬರಿದಾಯಿತೆಂದು ಬೋರಲು ಹಾಕಿ ತೋರಿಸಿ, ಪಕ್ಕಕ್ಕಿಡುತ್ತಾರೆ. ಬೇರೆ ಆಟ ನಡೆಯುತ್ತದೆ. ಮತ್ತೆ ತಂಬಿಗೆ ಎತ್ತಿದರೆ ಮತ್ತೆ ನೀರು. ಇನ್ನೊಂದು ಆಟ, ಮತ್ತೆ ನೀರು. ಪ್ರದರ್ಶನ ಮುಗಿಯುವವರೆಗೂ ಹೀಗೇ. ಮೊದಲ ಸಲ ಜನ ಸುಮ್ಮನೆ ನೋಡುತ್ತಾರೆ, ಎರಡನೆಯ ಸಲ ನಗುತ್ತಾರೆ, ಆಮೇಲಾಮೇಲೆ ಜಾದೂಗಾರ ಆ ಕಡೆ ಹೆಜ್ಜೆ ಇಟ್ಟರೆ ಸಾಕು, ಮಕ್ಕಳು ಕೂಗಿಕೊಳ್ಳುತ್ತಾರೆ. ಇದರ ಗುಟ್ಟು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಗುಟ್ಟು ತಿಳಿದ ಮೇಲೂ ಈ ಆಟದ ಸೊಗಸು ನನಗೆ ಎಳ್ಳಷ್ಟೂ ಕಡಿಮೆಯಾಗಿಲ್ಲ.

1971ರ ಜನವರಿ 6ರಂದು, ಜಪಾನಿನ ಪ್ರವಾಸದಲ್ಲಿದ್ದಾಗಲೇ, ಸೊರ್ಕಾರ್ ಹೃದಯಾಘಾತದಿಂದ ತೀರಿಕೊಂಡರು. ಮಗ ಪ್ರದೀಪ್ ಚಂದ್ರ ಜಪಾನಿಗೆ ಹೋಗಿ, ತಂದೆ ಒಪ್ಪಿಕೊಂಡಿದ್ದ ಪ್ರದರ್ಶನಗಳನ್ನು ತಾವೇ ನಡೆಸಿಕೊಟ್ಟರು. ಅವರೇ ಮುಂದೆ ಪಿ.ಸಿ. ಸೊರ್ಕಾರ್ ಜೂನಿಯರ್ ಎಂದು ಪ್ರಸಿದ್ಧರಾದರು.

ಜೂನಿಯರ್ ಅವರನ್ನು ನಾನು ಕಣ್ಣಾರೆ ಕಂಡದ್ದು ಕೋಲ್ಕತ್ತದ ಮಹಾಜಾತಿ ಸದನದಲ್ಲಿ. ಸುಭಾಷ್ ಚಂದ್ರ ಬೋಸರ ಕೋರಿಕೆಯಂತೆ 1939ರಲ್ಲಿ ರವೀಂದ್ರನಾಥ ಟ್ಯಾಗೋರರು ಅಡಿಗಲ್ಲಿಟ್ಟ ಕಟ್ಟಡ ಅದು. ಅಜ್ಜಿಯರು ಮೊಮ್ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದರು. ಪರದೆ ಸರಿದು, ಹೊಳೆಯುವ ಅಂಗಿ ತೊಟ್ಟು, ತುರಾಯಿಯ ಪೇಟದಲ್ಲಿ ಅವರು ನಗುತ್ತಾ ಬಂದಾಗ, ಓದಿ ಓದಿ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮನುಷ್ಯ ಎದುರಿಗೇ ನಿಂತಿದ್ದಾರಲ್ಲ ಎಂದು ನನ್ನ ಗಂಟಲು ಕಟ್ಟಿತು. ಬಂಗಾಳಿ ನನಗೆ ಅರೆಬರೆ. ಆದರೂ ಒಂದು ಮಾತೂ ತಪ್ಪಿಹೋಯಿತೆನಿಸಲಿಲ್ಲ. ಅವರು ಯಾವ ಆಟವನ್ನೂ ಅವಸರದಿಂದ ಮುಗಿಸಲಿಲ್ಲ. ಒಬ್ಬ ಸಹಾಯಕಿಯನ್ನು ಮಾಯ ಮಾಡುವ ಮುನ್ನ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಸಭೆಯನ್ನು ಸುಮ್ಮನೆ ನೋಡಿದರು. ಪನೋರಮಾದ ಮೌನ ಮಗನಿಗೂ ಒಲಿದಿದೆ ಎನಿಸಿತು.

ಜೂನಿಯರ್ ಹೆಸರು ದೇಶಕ್ಕೆಲ್ಲ ತಿಳಿದಿರುವುದು 1992ರಲ್ಲಿ ಬರ್ಧಮಾನ್ ಬಳಿ ರೈಲನ್ನು ಮಾಯ ಮಾಡಿದ್ದರಿಂದ, 2000ದಲ್ಲಿ ತಾಜ್ ಮಹಲನ್ನೇ ಕಣ್ಮರೆ ಮಾಡಿ ತೋರಿಸಿದ್ದರಿಂದ. ಅವು ದೊಡ್ಡ ಸಾಹಸಗಳೇ. ಆದರೂ ನನ್ನ ಮತ ರಂಗಕ್ಕೇ. ಬಯಲಿನ ಆಟವನ್ನು ಬಹಳ ಮಂದಿ ಪತ್ರಿಕೆಯಲ್ಲಿ ಓದಿ, ಟೀವಿಯಲ್ಲಿ ನೋಡಿ ತಿಳಿಯುತ್ತಾರೆ. ಸಭಾಂಗಣದಲ್ಲಾದರೆ ಪಕ್ಕದ ಕುರ್ಚಿಯ ಅಪರಿಚಿತರು ಉಸಿರು ಬಿಗಿಹಿಡಿದದ್ದು ನಮಗೂ ತಟ್ಟುತ್ತದೆ. ಮೊಬೈಲ್ ಪರದೆಯ ಜಾದೂ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ನೋಡುವವರು ಒಬ್ಬೊಬ್ಬರೇ. ಜೊತೆಗೆ, ಎಲ್ಲವೂ ಕಂಪ್ಯೂಟರ್ ಕೈಚಳಕವಿರಬಹುದೆಂಬ ಅನುಮಾನ ಬೆರಗನ್ನು ಮೊದಲೇ ತಿಂದುಬಿಟ್ಟಿರುತ್ತದೆ.

ಈಗ ಜೂನಿಯರ್ ಅವರ ಮಗಳು ಮಾನೇಕಾ ಸೊರ್ಕಾರ್ ರಂಗದ ಮೇಲಿದ್ದಾರೆ. ಜಾದೂವಿನಲ್ಲಿ ಹೆಣ್ಣೆಂದರೆ ಪೆಟ್ಟಿಗೆಯೊಳಗೆ ಮಲಗುವವಳು, ಗರಗಸಕ್ಕೆ ಒಡ್ಡಿಕೊಳ್ಳುವವಳು ಎಂದೇ ರೂಢಿಯಾಗಿತ್ತು. ಅದೇ ಮನೆತನದ ಹೆಣ್ಣುಮಗಳು ಮಂತ್ರದಂಡ ಹಿಡಿದದ್ದು ನನಗೆ ತುಂಬ ಸಂತೋಷದ ಸಂಗತಿ.

ನಮ್ಮಲ್ಲೂ ರಂಗದ ಜಾದೂ ಬತ್ತಿಲ್ಲ. ಮಂಗಳೂರಿನ ಕುದ್ರೋಳಿ ಗಣೇಶ್ ಅಂಥವರು ಕರಾವಳಿಯ ಕಲೆಗಳ ಸೊಗಡನ್ನು ತಮ್ಮ ಪ್ರದರ್ಶನಗಳಿಗೆ ತಂದಿದ್ದಾರೆ. ಯಾವುದಾದರೂ ತಂಡ ನಿಮ್ಮೂರಿಗೆ ಬಂದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮೊದಲ ಸಾಲಿಗೆ ಮುಗಿಬೀಳಬೇಡಿ, ನಡುವಿನ ಸಾಲುಗಳಲ್ಲಿ ಕುಳಿತುಕೊಳ್ಳಿ. ರಂಗದ ಬೆಳಕು, ಪರದೆ, ಪೆಟ್ಟಿಗೆಗಳನ್ನೆಲ್ಲ ಜೋಡಿಸಿರುವುದು ಅಲ್ಲಿಂದ ನೋಡುವ ಕಣ್ಣಿಗಾಗಿಯೇ.