ಮಾಲ್ವಣದಲ್ಲಿ ಒಂದು ಹಗಲು

ನಮ್ಮ ಹೋಟೆಲ್ ಬಂಧುಗಳಿಗೆ ಪ್ರವಾಸವೆಂದರೆ ಊರಿನ ನೇಮ, ಮದುವೆ, ಗೃಹಪ್ರವೇಶ. ಅದು ಬಿಟ್ಟರೆ ತಿರುಪತಿ, ಶಿರಡಿ. ಗಲ್ಲಾ ಬಿಟ್ಟು ಎರಡು ದಿನ ಹೊರಗಿದ್ದರೆ ಮೂರನೆಯ ದಿನ ಲೆಕ್ಕ ಸರಿ ಬರುವುದಿಲ್ಲ ಎಂಬ ಹೆದರಿಕೆ ಬೇರೆ. ಅಂಥವರಿಗೆ ಒಂದೇ ಹಗಲಿನಲ್ಲಿ ಮುಗಿಯುವ ಪ್ರವಾಸವೊಂದಿದೆ. ಮುಂಬೈಯಿಂದ ಕೊಂಕಣ ಕನ್ಯಾ ರೈಲಿನಲ್ಲಿ ರಾತ್ರಿ ಮಲಗಿದರೆ ಬೆಳಗ್ಗೆ ಕುಡಾಳ. ಅಲ್ಲಿಂದ ಮೂವತ್ತು ಕಿಲೋಮೀಟರಿನೊಳಗೆ ಸಿಂಧುದುರ್ಗ ಜಿಲ್ಲೆಯ ಮಾಲ್ವಣ. ಇಡೀ ದಿನ ಅಲ್ಲಿದ್ದು, ರಾತ್ರಿಯ ರೈಲು ಹಿಡಿದರೆ ಮರುದಿನ ಮತ್ತೆ ಕೌಂಟರಿನಲ್ಲಿ ಕುಳಿತುಕೊಳ್ಳಬಹುದು. ಊರಿಗೆ ಹೋಗುವಾಗ ಎಷ್ಟೋ ಸಲ ನಿದ್ದೆಯಲ್ಲೇ ದಾಟಿದ ಸ್ಟೇಶನ್ನಿನಲ್ಲಿ ಈ ಸಲ ನಾವು ಹದಿನಾಲ್ಕು ಮಂದಿ ಇಳಿದೆವು.

ಮಾಲ್ವಣ ಮತ್ತು ಅದರ ಪಕ್ಕದ ತಾರ್ಕರ್ಲಿ, ದೇವಬಾಗ್ ಮೂಲತಃ ಮೀನುಗಾರರ ಊರುಗಳು. ಈಗ ಇವುಗಳ ಹೆಸರು ಸ್ಕೂಬಾ ಡೈವಿಂಗಿನಿಂದ ದೇಶವೆಲ್ಲ ಗೊತ್ತು. ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ತರಬೇತಿ ಕೇಂದ್ರ ತಾರ್ಕರ್ಲಿಯಲ್ಲಿದೆ. ಪ್ರವಾಸಿಗರನ್ನು ನೀರಿಗಿಳಿಸುವ ಹುಡುಗರಲ್ಲಿ ಹೆಚ್ಚಿನವರು ಮೀನುಗಾರರ ಮನೆಯವರೇ. ಅಪ್ಪ ಬಲೆ ಬೀಸಿದ ಬಂಡೆಗಳ ಸಂದಿಯಲ್ಲಿ ಮಗ ನಮ್ಮಂಥವರ ಕೈಹಿಡಿದು ಮೀನು ತೋರಿಸುತ್ತಾನೆ.

ಡೈವಿಂಗ್ ನಡೆಯುವುದು ಸಿಂಧುದುರ್ಗ ಕೋಟೆಯ ಆಸುಪಾಸಿನ ಬಂಡೆಗಳಲ್ಲಿ. ಶಿವಾಜಿ ಮಹಾರಾಜರು 1664ರಲ್ಲಿ ಆರಂಭಿಸಿ ಮೂರು ವರ್ಷಗಳಲ್ಲಿ ಕಟ್ಟಿಸಿದ ಈ ಜಲದುರ್ಗವು 2025ರ ಜುಲೈಯಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಒಂದು. ಸುತ್ತ ಉಪ್ಪುನೀರು, ಒಳಗೆ ಸಿಹಿನೀರಿನ ಮೂರು ಬಾವಿಗಳು: ಹಾಲು, ಸಕ್ಕರೆ, ಮೊಸರು ಎಂದು ಅವುಗಳ ಹೆಸರು. ಟ್ಯಾಂಕರ್ ನೀರಿಗೆ ಬಿಲ್ಲು ಕಟ್ಟಿ ಬೇಸತ್ತ ನಮ್ಮವರು ಅಲ್ಲಿಂದ ಕದಲಲು ಒಪ್ಪಲಿಲ್ಲ.

ಈಜು ಬಾರದವರೂ ಮುಳುಗಬಹುದು. ಮೊದಲು ಒಂದು ಫಾರ್ಮ್ ತುಂಬಬೇಕು. ರಕ್ತದೊತ್ತಡ, ಹೃದಯ, ಅಸ್ತಮಾ ಎಲ್ಲವನ್ನೂ ಕೇಳುತ್ತಾರೆ. ನಮ್ಮ ಹಿರಿಯ ಸದಸ್ಯರೊಬ್ಬರು "ಬಿ.ಪಿ. ಇದೆ, ಆದರೆ ಸ್ವಲ್ಪವೇ" ಎಂದರು. ಆ ಹುಡುಗ ನಯವಾಗಿ ನಕ್ಕು ಅವರನ್ನು ದೋಣಿಯಲ್ಲೇ ಕೂರಿಸಿದ. ನಮ್ಮ ಉದ್ಯಮದಲ್ಲಿ ಐವತ್ತು ದಾಟಿದವರು ಈ ಫಾರ್ಮಿಗೆ ಸುಳ್ಳು ಬರೆಯಬಾರದು. ನೀರಿನೊಳಗೆ ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಮೇಲ್ಮೈಯ ಎರಡರಷ್ಟಾಗುತ್ತದೆ. ಹೊಸಬರನ್ನು ಅಷ್ಟು ಆಳಕ್ಕೆ ಒಯ್ಯದಿದ್ದರೂ ಎರಡು ಮೀಟರಿನಲ್ಲೇ ಕಿವಿ ನೋಯತೊಡಗುತ್ತದೆ. ಆಗ ಮೂಗು ಹಿಡಿದು ಮೆಲ್ಲಗೆ ಊದಬೇಕು. ಉಸಿರಾಟ ಬಾಯಿಯಿಂದ ಮಾತ್ರ. ಹೆಬ್ಬೆರಳು ಎತ್ತಿ ತೋರಿಸಿದರೆ ಅಲ್ಲಿ "ಭೇಷ್" ಎಂದಲ್ಲ, "ಮೇಲೆ ಹೋಗೋಣ" ಎಂದರ್ಥ. ನಮ್ಮಲ್ಲೊಬ್ಬರು ಸಂತೋಷದಿಂದ ಮೂರು ಸಲ ಹೆಬ್ಬೆರಳು ಎತ್ತಿ ಮೂರು ಸಲವೂ ಮೇಲೆ ಬಂದರು!

ಕೆಳಗೆ ಕಂಡದ್ದನ್ನು ಹೇಗೆ ಹೇಳುವುದು? ಗದ್ದಲವೇ ಇಲ್ಲ. ಮಿಕ್ಸರ್, ಎಕ್ಸಾಸ್ಟ್, ಆರ್ಡರ್ ಕೂಗುವ ದನಿ ಯಾವುದೂ ಇಲ್ಲದೆ ನಮ್ಮದೇ ಉಸಿರಿನ ಗುಳುಗುಳು. ಬಂಡೆಗೆ ಅಂಟಿದ ಹವಳ, ಹಳದಿ ಮೈಗೆ ಕಪ್ಪು ಪಟ್ಟೆಯ ಮೀನುಗಳ ಹಿಂಡು, ಬಂಡೆಯನ್ನೇ ಕಚ್ಚಿ ಕೆರೆಯುವ ಗಿಳಿಮೀನು. ಒಬ್ಬರು ಮೀನುಗಳಿಗೆಂದು ಎರಡು ಲಾದಿ ಪಾವ್ ತಂದಿದ್ದರು. ಹುಡುಗ ಅದನ್ನು ತೆಗೆದಿಟ್ಟ. ಬ್ರೆಡ್ಡು ಮೀನಿನ ಆಹಾರವಲ್ಲ, ಅದರ ರುಚಿ ಹತ್ತಿದ ಮೀನು ಬಂಡೆಯ ಪಾಚಿ ತಿನ್ನುವುದನ್ನು ಬಿಡುತ್ತದೆ, ಪಾಚಿ ಬೆಳೆದರೆ ಹವಳ ಉಸಿರುಗಟ್ಟುತ್ತದೆ ಎಂದು ವಿವರಿಸಿದ. ಎಲ್ಲ ದೋಣಿಗಳಲ್ಲೂ ಈ ಶಿಸ್ತು ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಪಕ್ಕದ ದೋಣಿಯಿಂದ ಬಿಸ್ಕತ್ತು ಬೀಳುತ್ತಲೇ ಇತ್ತು.

ಊಟಕ್ಕೆ ಹೋದದ್ದು ಒಂದು ಮೀನುಗಾರರ ಮನೆಗೆ. ಬೋರ್ಡು ಇಲ್ಲ, ಮೆನು ಕಾರ್ಡು ಇಲ್ಲ. ಎಷ್ಟು ತಲೆ ಎಂದು ಬೆಳಗ್ಗೆಯೇ ಫೋನಿನಲ್ಲಿ ಕೇಳಿ, ಅಂದು ಸಿಕ್ಕಿದ ಮೀನು ನೋಡಿ ಅಡುಗೆ. ಬಂಗುಡೆಯ ಸಾರಿಗೆ ತಿರ್ಫಳ ಬಿದ್ದಿತ್ತು. ಊರಿನ ಜುಮ್ಮನಕಾಯಿಯೇ ಅದು, ಪರಿಮಳಕ್ಕೇ ನಮ್ಮವರು ಗುರುತು ಹಿಡಿದರು. ತೆಂಗಿನ ಹಾಲಿಗೆ ಪುನರ್ಪುಳಿಯ ರಸ ಬೆರೆಸಿದ ಸೋಲ್‌ಕಢಿ ಎರಡೆರಡು ಲೋಟ ಇಳಿಯಿತು. ಸಸ್ಯಾಹಾರಿಗಳಿಗೆ ಕಾಳಿನ ಉಸಳ್, ಘಾವನ್. ಈ ಘಾವನ್ ನಮ್ಮ ನೀರುದೋಸೆಯ ಒಡಹುಟ್ಟು. ಹದಿನಾಲ್ಕು ಮಂದಿ ಉಂಡೆದ್ದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಒಂದು ಹಿಡಿ ಅನ್ನ. ದಿನಾ ರಾತ್ರಿ ನಮ್ಮ ಅಡುಗೆಮನೆಗಳಿಂದ ಹೊರಬೀಳುವ ಡ್ರಮ್ಮುಗಳನ್ನು ನೆನೆದು ನಾವು ಯಾರೂ ಮಾತಾಡಲಿಲ್ಲ.

ಮಾತು ಬಂದದ್ದು ಸಂಜೆ, ದಂಡೆಯಲ್ಲಿ. ಅಲ್ಲಿ ರಾಪಣ ಎಳೆಯುತ್ತಿದ್ದರು. ಒಂದು ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬರುತ್ತದೆ. ಅದರ ಎರಡು ತುದಿಗಳನ್ನು ಹತ್ತಾರು ಮಂದಿ ದಡದಿಂದ ಎಳೆಯುತ್ತಾರೆ. ಬಂದದ್ದನ್ನು ಪಾಲು ಹಾಕಿಕೊಳ್ಳುತ್ತಾರೆ. ಉಡುಪಿ, ಕುಂದಾಪುರ ಕಡೆಯ ನಮ್ಮ ಹಿರಿಯರು ನಿಂತಲ್ಲೇ ನಿಂತರು. ಅದು ರಂಪಣಿ! ನಮ್ಮ ಕರಾವಳಿಯಲ್ಲಿ ಮೊಗವೀರರೂ ಖಾರ್ವಿಗಳೂ ತಲೆಮಾರುಗಳಿಂದ ಎಳೆದ ಬಲೆ. 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದು, ಬಂಗುಡೆ, ಬೂತಾಯಿಯ ಹಿಂಡುಗಳು ದಡಕ್ಕೆ ಬರುವ ಮೊದಲೇ ಸುತ್ತುವರಿದು ಹಿಡಿಯತೊಡಗಿದ ಮೇಲೆ ಆ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಹಾಗೆ ಕೆಲಸ ಕಳಕೊಂಡ ಮನೆಗಳಿಂದ ಹುಡುಗರು ಮುಂಬೈ ಹೋಟೆಲುಗಳಿಗೆ ಬಂದದ್ದು ನಮಗೆ ಗೊತ್ತಿಲ್ಲದ ಕಥೆಯೇನಲ್ಲ.

ನಾವು ಕರ್ನಾಟಕದವರೆಂದು ತಿಳಿದ ಕೂಡಲೇ ಹಗ್ಗ ಸುತ್ತುತ್ತಿದ್ದ ಮುದುಕರೊಬ್ಬರು ಮರಾಠಿಯಲ್ಲಿ "ಮಲ್ಪೆಯವರೇ?" ಎಂದು ಕೇಳಿದರು. ಕೇಳಿದ ಧಾಟಿಯಲ್ಲಿ ಅತಿಥಿಸತ್ಕಾರ ಇರಲಿಲ್ಲ. ಸಿಂಧುದುರ್ಗದ ಮೀನುಗಾರರ ದೂರು ಪತ್ರಿಕೆಗಳಲ್ಲಿ ಪದೇಪದೇ ಬಂದದ್ದೇ: ಹೊರರಾಜ್ಯದ ಹೈಸ್ಪೀಡ್ ಟ್ರಾಲರುಗಳು, ಅವುಗಳಲ್ಲಿ ಮಲ್ಪೆಯವೂ, ತಮ್ಮ ಕಡಲ ಹದ್ದಿನೊಳಗೆ ನುಗ್ಗಿ ಬಾಚಿಕೊಂಡು ಹೋಗುತ್ತವೆ. ಮಹಾರಾಷ್ಟ್ರ ಸರಕಾರ 2016ರಲ್ಲಿ ಪರ್ಸೀನಿಗೆ ಕಡಿವಾಣ ಹಾಕಿತು. 2017ರಲ್ಲಿ ಕೇಂದ್ರ ಸರಕಾರ ಎಲ್.ಇ.ಡಿ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಆದರೂ ರಾತ್ರಿ ಹೊತ್ತು ಆಚೆ ಒಂದು ಊರೇ ಹತ್ತಿಕೊಂಡಂತೆ ಬೆಳಕು ಕಾಣುತ್ತದೆ ಎಂದರು ಆ ಹಿರಿಯರು. ಮಲ್ಪೆಯವರನ್ನು ಕೇಳಿದರೆ ಅವರಿಗೂ ಸಾಲವಿದೆ, ಡೀಸೆಲಿನ ಬಿಲ್ಲಿದೆ, ಅವರದೇ ಕಡಲಲ್ಲಿ ಮೀನು ಕಡಿಮೆಯಾಗಿದೆ.

ಇಬ್ಬರ ಮೀನನ್ನೂ ಕೊಳ್ಳುವವರು ಯಾರು? ಬಾರ್ ಆಂಡ್ ರೆಸ್ಟೋರೆಂಟ್ ನಡೆಸುವ ನಮ್ಮವರು. ಹಿಡಿಯಬಾರದಷ್ಟು ಎಳೆಯ ಮೀನಿನ ಅಳತೆಯನ್ನು 54 ಜಾತಿಗಳಿಗೆ ಮಹಾರಾಷ್ಟ್ರ 2023ರಲ್ಲಿ ನಿಗದಿ ಮಾಡಿದೆ. ಪ್ಲೇಟಿಗೆ ಸರಿಹೊಂದುತ್ತದೆಂದು ಅಂಗೈಗಿಂತ ಚಿಕ್ಕ ಪಾಂಫ್ರೆಟ್ ಕೇಳುವ ಅಭ್ಯಾಸ ಮಾರುಕಟ್ಟೆಯಲ್ಲಿ ಹುಟ್ಟಿದ್ದಲ್ಲ, ನಮ್ಮ ಕಿಚನ್ನಿನಲ್ಲಿ ಹುಟ್ಟಿದ್ದು. ಮೊಟ್ಟೆಯಿಡುವ ಮೊದಲೇ ತವಾ ಸೇರಿದ ಮೀನಿಗೆ ಮುಂದಿನ ವರ್ಷ ಮರಿ ಎಲ್ಲಿಂದ ಬರಬೇಕು? ದರ ಏರಿತೆಂದು ನಾವು ಗೊಣಗುವಾಗ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ನಮ್ಮ ತಂಡದಲ್ಲಿದ್ದ ಮೂವರು ಸೀಫುಡ್ ಹೋಟೆಲಿನ ಮಾಲಕರು ರೈಲಿನಲ್ಲೇ ತಮ್ಮ ಸಪ್ಲೈಯರಿಗೆ ಫೋನ್ ಮಾಡಿ ಸಣ್ಣ ಸೈಜು ಬೇಡವೆಂದರು. "ಸೇಠ್, ನೀವು ಬೇಡವೆಂದರೆ ಪಕ್ಕದವರು ತೆಗೆದುಕೊಳ್ಳುತ್ತಾರೆ" ಎಂದು ಉತ್ತರ ಬಂತಂತೆ. ಪಕ್ಕದವರೂ ಬಹುಮಟ್ಟಿಗೆ ನಮ್ಮವರೇ ಆದ್ದರಿಂದ ಈ ವಿಷಯವನ್ನು ಮುಂದಿನ ಸಭೆಯಲ್ಲಿ ಎತ್ತುವುದೆಂದು ನಿಶ್ಚಯವಾಗಿದೆ.

ಹೋಗಬಯಸುವವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ನೀರು ತಿಳಿ. ಮಳೆಗಾಲದಲ್ಲಿ ಡೈವಿಂಗೂ ಇಲ್ಲ, ಕೋಟೆಯ ದೋಣಿಯೂ ಇಲ್ಲ. 2022ರ ಮೇ ತಿಂಗಳ ಕೊನೆಗೆ ಡೈವಿಂಗ್ ಮುಗಿಸಿ ಬರುತ್ತಿದ್ದ ದೋಣಿ ತಾರ್ಕರ್ಲಿಯಲ್ಲಿ ಮಗುಚಿ ಪ್ರವಾಸಿಗರು ಪ್ರಾಣ ಕಳಕೊಂಡಿದ್ದಾರೆ. ಆದ್ದರಿಂದ ಗಾಳಿ ಎದ್ದ ದಿನ ಹಟ ಬೇಡ, ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ಗೋವಾದಿಂದ ವಿಮಾನದಲ್ಲಿ ಮರಳುವವರು ಡೈವಿಂಗ್ ಮುಗಿದು ಕನಿಷ್ಠ ಹನ್ನೆರಡು ಗಂಟೆ ಬಿಡಬೇಕು. ರೈಲಿಗೆ ಆ ತೊಂದರೆಯಿಲ್ಲ.