ಆನೆಯಿಂದಿಳಿದು ಕುದುರೆಯನ್ನೇರಿದಾಗ

ದೇವತೆಗಳಿಗೆ ವಾಹನಗಳನ್ನು ಹಂಚಿಕೊಟ್ಟ ನಮ್ಮ ಪುರಾಣಕರ್ತರು ದೊಡ್ಡ ರಸಿಕರು. ಮಹಾಕಾಯನಾದ ಗಣಪತಿಗೆ ಇಲಿಯನ್ನೂ, ದೇವಸೇನಾನಿಯಾದ ಷಣ್ಮುಖನಿಗೆ ನವಿಲನ್ನೂ ಕೊಟ್ಟು ಅವರು ನಿಶ್ಚಿಂತರಾದರು. ಯಾರಿಗೆ ಯಾವ ವಾಹನ ಸಲ್ಲುತ್ತದೆಂಬುದು ಗಾತ್ರದಿಂದ ನಿರ್ಣಯವಾಗತಕ್ಕ ಸಂಗತಿಯಲ್ಲವೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಬೇಕಾಗಿಲ್ಲ.

ಈ ಸತ್ಯವನ್ನು ಮೈಯಿಂದಲೇ ಅರಿತವರೆಂದರೆ ಮೋಟಾರ್ ಸೈಕಲ್ ಸವಾರರು. ಹತ್ತು ಹನ್ನೆರಡು ವರ್ಷ ಭಾರಿಯಾದೊಂದು ಯಂತ್ರವನ್ನು ನಡೆಸಿ, ಅದರ ಗಜಗಾಂಭೀರ್ಯಕ್ಕೆ ಒಗ್ಗಿಹೋದ ಗೃಹಸ್ಥನೊಬ್ಬನು ನಡುವಯಸ್ಸಿನಲ್ಲಿ ಅದನ್ನು ಮಾರಿ, ಹಗುರವೂ ಚುರುಕೂ ಆದ ಮಧ್ಯಮ ತೂಕದ ಗಾಡಿಯೊಂದನ್ನು ಕೊಂಡನೆನ್ನಿ. ಮೊದಲ ವಾರವೆಲ್ಲ ಅವನಿಗೆ ಸಂಕೋಚ. ದೊಡ್ಡ ಗಾಡಿಯನ್ನು ಬಿಟ್ಟು ಸಣ್ಣದಕ್ಕೆ ಇಳಿದನೆಂದು ನೆರೆಯವರು ಭಾವಿಸಿಯಾರೆಂಬ ಅಳುಕು. ಎರಡನೆಯ ವಾರದಲ್ಲಿ ತರಕಾರಿ ತರಲು ಹೊರಟವನು ಊರ ಹೊರಗಿನ ದಾರಿ ಹಿಡಿದು ಒಂದು ಗಂಟೆ ತಡವಾಗಿ ಮನೆಗೆ ಬರುತ್ತಾನೆ. ತಡವಾದುದೇಕೆಂದು ಮಡದಿ ಕೇಳಿದರೆ ಸರಿಯಾದ ಉತ್ತರ ಅವನ ಬಳಿ ಇರುವುದಿಲ್ಲ.

ಅವನು ಹೇಳಲಾರದ ಆ ಉತ್ತರ ಯಾವುದು?

ಲೆಕ್ಕ ಒಂದು, ಅನುಭವ ಇನ್ನೊಂದು

ಯೂರೋಪ್ ಅಮೆರಿಕಗಳಲ್ಲಿ ಈಗ 600-700 ಸಿ.ಸಿ. ಯಂತ್ರವನ್ನು ಮಧ್ಯಮವೆನ್ನುತ್ತಾರೆ. ನಮ್ಮ ದೇಶದ ರಸ್ತೆಗಳ ಪಾಲಿಗೆ ಬಹುಕಾಲ 250ರಿಂದ 350 ಸಿ.ಸಿ.ಯೇ ಮಧ್ಯಮವಾಗಿತ್ತು. ಈ ವರ್ಗದಲ್ಲಿ ದಕ್ಷಿಣ ಭಾರತದ ಎರಡು ಊರುಗಳು ಎರಡು ಭಿನ್ನ ಸ್ವಭಾವದ ಗಾಡಿಗಳನ್ನು ದೇಶಕ್ಕೆ ಕೊಟ್ಟವು. 1955ರಲ್ಲಿ ಮದರಾಸಿನಲ್ಲಿ ಕಾಲೂರಿದ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯ ಬುಲೆಟ್ ಒಂದು. 1961ರಲ್ಲಿ ಮೈಸೂರಿನಲ್ಲಿ ಹುಟ್ಟಿದ, ಮೊದಲು ಜಾವಾ ಎಂದೂ ಮುಂದೆ ಯೆಜ್ಡಿ ಎಂದೂ ಹೆಸರಾದ ಗಾಡಿ ಇನ್ನೊಂದು. ಒಂದು ಆನೆ, ಒಂದು ಕುದುರೆ. ಒಂದರಿಂದ ಇಳಿದು ಇನ್ನೊಂದನ್ನೇರಿದವರು ಕನ್ನಡನಾಡಿನಲ್ಲಿ ಎಷ್ಟೋ ಮಂದಿ.

ಇವೆರಡನ್ನೂ ಕಾಗದದ ಮೇಲೆ ತೂಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಹಳೆಯ ಬುಲೆಟ್ 346 ಸಿ.ಸಿ.ಯದು; ಶಕ್ತಿ 18 ಅಶ್ವಬಲ; ತೂಕ ಸುಮಾರು 165 ಕಿಲೋಗ್ರಾಂ. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ 250 ಸಿ.ಸಿ. ವರ್ಗದ್ದು, ಶಕ್ತಿ 16 ಅಶ್ವಬಲ, ತೂಕ ಸುಮಾರು 140 ಕಿಲೋಗ್ರಾಂ. ಭಾಗಿಸಿ ನೋಡಿದರೆ ಎರಡರಲ್ಲಿಯೂ ಹತ್ತು ಕಿಲೋ ತೂಕಕ್ಕೆ ಒಂದು ಅಶ್ವಬಲಕ್ಕಿಂತ ತುಸು ಹೆಚ್ಚು. ಅಂದರೆ ಲೆಕ್ಕದ ಪ್ರಕಾರ ಇಬ್ಬರೂ ಸಮಬಲರು. ಆದರೂ ಎರಡನ್ನೂ ಏರಿದವನಿಗೆ ಒಂದು ನಿಧಾನವೆಂದೂ ಇನ್ನೊಂದು ಚುರುಕೆಂದೂ ಖಚಿತವಾಗಿ ತೋರುತ್ತದೆ. ಇದು ಅವನ ಭ್ರಮೆಯಲ್ಲ. ಕಾರಣ ಯಂತ್ರದ ಹೊಟ್ಟೆಯೊಳಗಿದೆ.

ಬುಲೆಟ್ಟಿನದು ನಾಲ್ಕು ಹೊಡೆತದ ಎಂಜಿನ್. ಅದರ ಪಿಸ್ಟನ್ 90 ಮಿಲಿಮೀಟರಿನ ದೀರ್ಘವಾದ ಹಾದಿಯಲ್ಲಿ ಮೇಲೆ ಕೆಳಗೆ ಸಂಚರಿಸುತ್ತ, ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಒಳಗೆಳೆದುಕೊಂಡು, ಅದುಮಿ, ಉರಿಸಿ, ಹೊಗೆಯನ್ನು ಹೊರದೂಡುವಷ್ಟರಲ್ಲಿ ಒಳಗಿನ ಚಕ್ರ ಎರಡು ಸುತ್ತು ತಿರುಗಿರುತ್ತದೆ; ಬಲ ದೊರೆಯುವುದು ಎರಡು ಸುತ್ತಿಗೆ ಒಮ್ಮೆ. ಆ ನಡುವಣ ಬಿಡುವನ್ನು ತುಂಬುವುದಕ್ಕಾಗಿಯೇ ತೂಕದ ಫ್ಲೈವೀಲನ್ನು ಕೂರಿಸಿದ್ದಾರೆ. ಒಮ್ಮೆ ತಿರುಗಲು ತೊಡಗಿದ ಆ ಗಾಲಿ ಸುಲಭವಾಗಿ ನಿಲ್ಲದು. ಹಾಗೆಯೇ ಸುಲಭವಾಗಿ ವೇಗವನ್ನೂ ಪಡೆಯದು. ಡುಗ್ ಡುಗ್ ಎಂಬ ಆ ಪ್ರಸಿದ್ಧ ನಾದ ಅದರ ಸಾವಧಾನದ ಉಸಿರಾಟ.

ಜಾವಾದ್ದು ಎರಡು ಹೊಡೆತದ ಎಂಜಿನ್. ಸುತ್ತು ಸುತ್ತಿಗೂ ಒಮ್ಮೆ ಉರಿ, ಒಮ್ಮೆ ಬಲ. ವಾಲ್ವುಗಳಿಲ್ಲ, ಅವುಗಳನ್ನೆತ್ತಿ ಇಳಿಸುವ ಸರಂಜಾಮೂ ಇಲ್ಲ. ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಚಲಿಸತಕ್ಕ ಅಂಗಗಳು ಕಡಿಮೆಯಾದುದರಿಂದ ಕೈ ತಿರುವಿದೊಡನೆ ಎಂಜಿನ್ ಓಗೊಡುತ್ತದೆ. ಕೈಗೂ ಚಕ್ರಕ್ಕೂ ನಡುವೆ ಉಳಿಯುವ ಕಾಲಾವಧಿ ಅತ್ಯಲ್ಪ. ಸವಾರನ ಸಂತೋಷವೆಲ್ಲ ಅಡಗಿರುವುದು ಈ ಅಲ್ಪ ಅವಧಿಯಲ್ಲಿ. ವೇಗ ಬೇರೆ, ಚುರುಕು ಬೇರೆ. ಎಷ್ಟು ಬೇಗ ಓಡಬಲ್ಲುದೆಂಬುದು ವೇಗವಾದರೆ, ಕರೆದೊಡನೆ ಓಗೊಡುವುದು ಚುರುಕು.

ಮೈಭಾರ ಇಳಿದ ಸುಖ

ಮನೆಯಿಂದ ಹೊರಡುವ ಮೊದಲೇ ಈ ವ್ಯತ್ಯಾಸ ಪ್ರಾರಂಭವಾಗುತ್ತದೆ. ಹಳೆಯ ಬುಲೆಟ್ಟನ್ನು ಎಬ್ಬಿಸುವುದೊಂದು ವಿಧಿ. ಆಮ್ಮೀಟರಿನ ಮುಳ್ಳನ್ನು ದಿಟ್ಟಿಸಬೇಕು, ಒತ್ತಡ ಬಿಡಿಸುವ ಸನ್ನೆಯನ್ನು ಹಿಡಿದು ಪಿಸ್ಟನ್ನನ್ನು ಸರಿಯಾದ ಜಾಗಕ್ಕೆ ತರಬೇಕು, ಆಮೇಲೆ ಮೈಭಾರವನ್ನೆಲ್ಲ ಹಾಕಿ ಒದೆಯಬೇಕು. ಕ್ರಮ ತಪ್ಪಿದರೆ ಕಿಕ್ಕರ್ ತಿರುಗಿ ಬಂದು ಮೀನಖಂಡಕ್ಕೆ ಪಾಠ ಕಲಿಸುತ್ತಿತ್ತು. ಇಪ್ಪತ್ತೈದರ ಪ್ರಾಯದಲ್ಲಿ ಈ ವಿಧಿ ಪೌರುಷದ ಪ್ರದರ್ಶನವಾಗಿ ಕಂಡರೆ, ನಲವತ್ತೈದರಲ್ಲಿ ಮೊಣಕಾಲು ಬೇರೆ ಅಭಿಪ್ರಾಯ ತಾಳುತ್ತದೆ. ನಡುಸ್ಟ್ಯಾಂಡಿನ ಮೇಲೆ ಗಾಡಿಯನ್ನೆಳೆದು ನಿಲ್ಲಿಸುವಾಗ ಸೊಂಟವೂ ಅದಕ್ಕೆ ದನಿಗೂಡಿಸುತ್ತದೆ.

ಜಾವಾದ ಸವಾರ ಕಾರ್ಬ್ಯುರೇಟರಿನ ಗುಂಡಿಯನ್ನು ಬೆರಳಿನಿಂದ ಒತ್ತಿ ತುಸು ಪೆಟ್ರೋಲು ತುಂಬಿಸಿ ಲಘುವಾಗಿ ಒದ್ದರೆ ಸಾಕು. ಒದ್ದ ಆ ಸನ್ನೆಯನ್ನೇ ಮಡಚಿದರೆ ಅದೇ ಗೇರಿನ ಸನ್ನೆ! ಗೇರು ಬದಲಿಸಲು ಕಾಲಿಟ್ಟೊಡನೆ ಕ್ಲಚ್ಚು ತಾನಾಗಿ ಬಿಡುವ ವ್ಯವಸ್ಥೆಯೂ ಅದರಲ್ಲಿತ್ತು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆಗಳನ್ನು ಎಡಬಲಕ್ಕೆ ಒಂದೊಂದಾಗಿ ಇಟ್ಟದ್ದರಿಂದ ನೋಟಕ್ಕೊಂದು ಸಮತೋಲವೂ ಒದಗಿತ್ತು.

ಪೇಟೆಯ ಇಕ್ಕಟ್ಟಿನಲ್ಲಿ, ಚಾಮುಂಡಿ ಬೆಟ್ಟದ ತಿರುವುಗಳಲ್ಲಿ, ಹಗುರತೆಯ ಗುಣ ಇನ್ನೂ ಸ್ಪಷ್ಟವಾಗುತ್ತದೆ. ಭಾರಿಯ ಗಾಡಿ ತಿರುವನ್ನು ಮೊದಲೇ ಆಲೋಚಿಸಿ ಸಿದ್ಧವಾಗಬೇಕೆನ್ನುತ್ತದೆ. ಹಗುರದ ಗಾಡಿ ಸವಾರನ ನೋಟ ಹೊರಳಿದ ಕಡೆಗೆ ತಾನೂ ಹೊರಳುತ್ತದೆ. ಇಪ್ಪತ್ತೈದು ಕಿಲೋಗ್ರಾಂ ಎಂದರೆ ಒಂದು ಅಕ್ಕಿಮೂಟೆಯ ಭಾರ. ವರ್ಷಗಟ್ಟಲೆ ಹೊತ್ತ ಆ ಮೂಟೆಯನ್ನು ಇಳಿಸಿದವನ ಹೆಗಲಿಗೆ ಆಗುವ ನಿರಾಳವೇ ಈ ಸವಾರನದೂ.

ಪ್ರಾಗ್‌ನಿಂದ ಯಾದವಗಿರಿಗೆ

ಭಾರಿಯದನ್ನು ಬಿಟ್ಟು ಹಗುರವಾದುದನ್ನು ಹಿಡಿದ ಕಥೆ ಜಾವಾದ ಜನ್ಮವೃತ್ತಾಂತದಲ್ಲಿಯೇ ಇದೆ. ಪ್ರಾಗ್ ನಗರದ ಶಸ್ತ್ರಾಸ್ತ್ರ ತಯಾರಕ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ಲಿನ ಹಕ್ಕುಗಳನ್ನು ಕೊಂಡನು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು. ಮೊದಲು ತಯಾರಾದುದು 500 ಸಿ.ಸಿ.ಯ ಭಾರವಾದ, ದುಬಾರಿಯಾದ ಗಾಡಿ. ಅದು ಜನರ ಕೈಗೆಟುಕಲಿಲ್ಲ. 1932ರಲ್ಲಿ ಆಂಗ್ಲ ವಿನ್ಯಾಸಕ ಜಾರ್ಜ್ ಪ್ಯಾಚೆಟ್ಟನ ನೆರವಿನಿಂದ 175 ಸಿ.ಸಿ.ಯ ಅಗ್ಗದ, ಹಗುರದ ಗಾಡಿ ಹೊರಬಂದಿತು. ಸಂಸ್ಥೆ ನಿಂತು ನೆಲೆಗೊಂಡದ್ದು ಅದರಿಂದ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ದೇಶವನ್ನಾಕ್ರಮಿಸಿದ್ದಾಗ ಕೆಲಸಗಾರರು ಗುಟ್ಟಾಗಿ 250 ಸಿ.ಸಿ.ಯ ಹೊಸ ಗಾಡಿಯೊಂದನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದು ಲೋಕದ ಕಣ್ಣಿಗೆ ಬಿದ್ದಿತು. ಅದೇ ಪೇರಾಕ್.

ಮುಂಬಯಿಯಲ್ಲಿ ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿಯವರು, ಆಮದಿನ ಮೇಲೆ ಸರ್ಕಾರದ ನಿರ್ಬಂಧ ಬಿಗಿಯಾದಾಗ, ಇಲ್ಲಿಯೇ ತಯಾರಿಸುವ ಸಂಕಲ್ಪ ಮಾಡಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರಿಂದ ಅದರ ಪ್ರಾರಂಭೋತ್ಸವವಾಯಿತು. 1970ರ ದಶಕದ ಆದಿಭಾಗದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂದಿತು. ಇರಾನಿನ ಯಜ್ದ್ ನಗರವನ್ನು ನೆನಪಿಸುವ ಆ ಹೆಸರನ್ನು ಹೊತ್ತ ಗಾಡಿ ಮಾತ್ರ ಅಪ್ಪಟ ಮೈಸೂರಿನದು.

ಕಾಲು ಮರೆಯದ ಪಾಠ

ವಾಹನ ಬದಲಿಸುವುದು ಅಂಗಿ ಬದಲಿಸಿದಷ್ಟು ಸುಲಭವಲ್ಲ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಜಾವಾದಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಸಾಲದುದಕ್ಕೆ ಬುಲೆಟ್ಟಿನ ಮೊದಲ ಗೇರು ಮೇಲಕ್ಕೆ, ಜಾವಾದ ಮೊದಲ ಗೇರು ಕೆಳಕ್ಕೆ. ಬುದ್ಧಿ ಇದನ್ನು ಒಂದು ದಿನದಲ್ಲಿ ಕಲಿಯುತ್ತದೆ. ಕಾಲು ತಿಂಗಳುಗಟ್ಟಲೆ ಕಲಿಯುವುದಿಲ್ಲ. ಮಗುವೊಂದು ಫಕ್ಕನೆ ರಸ್ತೆಗೆ ಅಡ್ಡ ಬಂದಾಗ ಮೊದಲು ಕೆಲಸ ಮಾಡುವುದು ಕಾಲು. ಎಡಗಾಲು ಹಳೆಯ ಅಭ್ಯಾಸದಂತೆ ಒತ್ತುತ್ತದೆ. ಒತ್ತಿದ್ದು ಬ್ರೇಕನ್ನಲ್ಲ, ಗೇರನ್ನು. ಕ್ಲಚ್ಚು ಬಿಟ್ಟುಕೊಂಡ ಗಾಡಿ ತಡೆಯಿಲ್ಲದೆ ಮುಂದಕ್ಕೆ ಜಾರುತ್ತದೆ.

ಘಟ್ಟದ ಇಳಿಜಾರಿನಲ್ಲಿ ಇನ್ನೊಂದು ಎಚ್ಚರ ಬೇಕು. ಆಗುಂಬೆಯ 14 ಕಡಿದಾದ ತಿರುವುಗಳನ್ನು ಇಳಿಯುವಾಗ ನಾಲ್ಕು ಹೊಡೆತದ ಎಂಜಿನ್ ಗಾಡಿಯನ್ನು ತಾನೇ ಹಿಡಿದು ನಿಧಾನಿಸುತ್ತದೆ. ಎರಡು ಹೊಡೆತದ ಎಂಜಿನ್ನಿನಲ್ಲಿ ಆ ಹಿಡಿತ ಕಡಿಮೆ. ಬ್ರೇಕಿನ ಮೇಲೆಯೇ ಭಾರ. ಅಲ್ಲದೆ ಅದಕ್ಕೆ ಎಣ್ಣೆ ತಲಪುವುದು ಪೆಟ್ರೋಲಿನೊಡನೆ ಬೆರೆತು. ಕೈಯನ್ನು ಪೂರ್ತಿ ಮುಚ್ಚಿಕೊಂಡು ಬಹುದೂರ ಇಳಿದರೆ ಪೆಟ್ರೋಲಿಲ್ಲ, ಎಣ್ಣೆಯೂ ಇಲ್ಲ. ಪಿಸ್ಟನ್ ಬಿಸಿಯಾಗಿ ಕಚ್ಚಿಕೊಳ್ಳುವ ಅಪಾಯವಿದೆ. ಆದುದರಿಂದ ಅನುಭವಿಗಳು ಇಳಿಜಾರಿನಲ್ಲಿಯೂ ಆಗಾಗ್ಗೆ ಕೈಯನ್ನು ತುಸು ತೆರೆದು ಎಂಜಿನ್ನಿಗೆ ಒಂದು ಗುಟುಕು ಉಣಿಸುವ ರೂಢಿ ಇಟ್ಟುಕೊಂಡಿದ್ದರು.

ಚುರುಕಿನ ರುಚಿ ಹತ್ತಿದವನಿಗೆ ಇನ್ನಷ್ಟು ಬೇಕೆನಿಸುವುದು ಸಹಜ. 1983ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆ ಜಪಾನಿನ ಯಮಹಾದ ಸಹಯೋಗದಿಂದ ತಂದ ರಾಜ್‌ದೂತ್ 350 ಇದೇ ವರ್ಗದ ಮತ್ತೊಂದು ಕುದುರೆ. ಎರಡು ಸಿಲಿಂಡರ್, 347 ಸಿ.ಸಿ., 30.5 ಅಶ್ವಬಲ, ಬುಲೆಟ್ಟಿನಷ್ಟೇ ಗಾತ್ರದ ಎಂಜಿನ್ನಿನಿಂದ ಒಂದೂವರೆ ಪಟ್ಟು ಶಕ್ತಿಗೂ ಹೆಚ್ಚು. ಹೊರದೇಶಗಳಲ್ಲಿ ಅದರ ಮುಂಚಕ್ರಕ್ಕೆ ಡಿಸ್ಕ್ ಬ್ರೇಕ್ ಇದ್ದರೆ ಇಲ್ಲಿ ಡ್ರಮ್ ಬ್ರೇಕನ್ನೇ ಕೂರಿಸಿದರು. ಓಡುವ ಶಕ್ತಿ ಬೆಳೆದಷ್ಟು ನಿಲ್ಲುವ ಶಕ್ತಿ ಬೆಳೆಯಲಿಲ್ಲ. ಅತಿಯಾದರೆ ಅಮೃತವೂ ವಿಷವೆಂಬ ಮಾತು ಮೋಟಾರ್ ಸೈಕಲ್ಲಿಗೂ ಸಲ್ಲುತ್ತದೆ. ಮಧ್ಯಮವೆಂಬುದು ಎಂಜಿನ್ನಿನ ಅಳತೆಯಾಗಿರುವಂತೆ ಸವಾರನ ಮನಸ್ಸಿನ ಅಳತೆಯೂ ಆಗಬೇಕು.

ಹಿಂದಿನ ಆಸನದ ತೀರ್ಪು

ಮಧ್ಯಮ ವರ್ಗದ ಮನೆಯಲ್ಲಿ ಯಾವ ವಾಹನವೂ ಒಬ್ಬನದಲ್ಲ. ಸವಾರನ ಬೆನ್ನಹಿಂದೆ ಕೂರುವ ಗೃಹಿಣಿ ಅದರ ನಿಜವಾದ ಪರೀಕ್ಷಕಿ. ಬುಲೆಟ್ಟಿನ ಅಗಲವಾದ ಆಸನದಲ್ಲಿ ನೆಮ್ಮದಿಯಿಂದ ಕೂತಿದ್ದವರು ಚುರುಕಿನ ಗಾಡಿಯ ಮೊದಲ ನೆಗೆತಕ್ಕೇ ಗಂಡನ ಹೆಗಲನ್ನು ಬಿಗಿಯಾಗಿ ಹಿಡಿಯುತ್ತಾರೆ. ಆ ಹಿಡಿತ ಪ್ರೀತಿಯದೋ ಎಚ್ಚರಿಕೆಯದೋ ಎಂಬುದನ್ನು ಬಲ್ಲ ಸವಾರ ಬಹುಕಾಲ ಸುಖವಾಗಿರುತ್ತಾನೆ. ಒಂಟಿಯಾಗಿ ಹೋಗುವಾಗ ಸವಾರನಿಗೆ ಸಂತೋಷ ಕೊಡುವ ಚುರುಕು, ಹಿಂದೆ ಒಬ್ಬರು ಕೂತಾಗ ಹೊಣೆಯಾಗಿ ಮಾರ್ಪಡುತ್ತದೆ. ಅದೇ ಕೈ ಆಗ ಮೆಲ್ಲಗೆ ತಿರುಗಬೇಕು, ಅದೇ ಬ್ರೇಕನ್ನು ಮೊದಲೇ ಒತ್ತಬೇಕು.

ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂಬ ನಿಯಮ 2016ರ ಜನವರಿಯಿಂದ ಜಾರಿಗೆ ಬಂದಾಗ ಗೊಣಗಿದವರು ಬಹಳ ಮಂದಿ. ಮಲ್ಲಿಗೆಯ ದಂಡೆ ನಲುಗುತ್ತದೆಂಬ ದೂರು ಸುಳ್ಳಲ್ಲ. ಆದರೆ ಬಿದ್ದಾಗ ನೆಲ ಮುಂದೆ ಕೂತವರು, ಹಿಂದೆ ಕೂತವರು ಎಂಬ ಭೇದವೆಣಿಸುವುದಿಲ್ಲ. ಹೊಸ ಗಾಡಿಗೆ ಹಣ ಎಣಿಸುವ ದಿನವೇ ಎರಡು ಒಳ್ಳೆಯ ಹೆಲ್ಮೆಟ್ಟುಗಳ ಹಣವನ್ನೂ ಎಣಿಸಿದವನೇ ಜಾಣ.

ಮುಚ್ಚಿದ ಬಾಗಿಲು, ನಿಲ್ಲದ ಗಾಡಿ

ಎರಡು ಹೊಡೆತದ ಎಂಜಿನ್ನಿಗೆ ಒಂದು ಹುಟ್ಟುದೋಷವಿದೆ. ಹೊಸ ಮಿಶ್ರಣ ಒಳಬರುವಾಗ ಅದರಲ್ಲಿ ಒಂದು ಪಾಲು ಉರಿಯದೆಯೇ ಹೊಗೆಯೊಡನೆ ಹೊರಟುಹೋಗುತ್ತದೆ. ಪೆಟ್ರೋಲು ಹೆಚ್ಚು ಬೇಕು, ಗಾಳಿಯೂ ಕೆಡುತ್ತದೆ. 1980ರ ದಶಕದಲ್ಲಿ ಕಡಿಮೆ ಪೆಟ್ರೋಲು ಕುಡಿಯುವ 100 ಸಿ.ಸಿ.ಯ ಜಪಾನಿ ಮಾದರಿಗಳು ಬಂದ ಮೇಲೆ ಜನರ ಲೆಕ್ಕಾಚಾರ ಬದಲಾಯಿತು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಮುಚ್ಚಿತು. ಬೆಳಗಿನ ಸೈರನ್ನಿಗೆ ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದ ಎಷ್ಟೋ ಕುಟುಂಬಗಳ ಪಾಲಿಗೆ ಅದು ಬರಿಯ ಗಾಡಿಯ ಕಥೆಯಾಗಿರಲಿಲ್ಲ; ಅನ್ನದ ಪ್ರಶ್ನೆಯಾಗಿತ್ತು. ಹಿತ್ತಲ ಗಿಡ ಮದ್ದಲ್ಲವೆಂಬಂತೆ, ಇದ್ದಾಗ ಊರು ಅದನ್ನು ಅಷ್ಟಾಗಿ ಲೆಕ್ಕಿಸಿರಲಿಲ್ಲ. ಹೋದ ಮೇಲೆ ಅದರ ಬೆಲೆ ತಿಳಿಯಿತು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಹಳೆಯ ಜಾವಾ, ಯೆಜ್ಡಿಗಳ ಒಡೆಯರು ತಂತಮ್ಮ ಗಾಡಿಗಳನ್ನು ತೊಳೆದು ಹೊಳೆಯಿಸಿ ಒಂದೆಡೆ ಸೇರುತ್ತಾರೆ. ಅವರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಹುಟ್ಟಿದ ತರುಣರೂ ಇದ್ದಾರೆ.

2018ರಲ್ಲಿ ಜಾವಾ ಹೆಸರು ಭಾರತದ ಮಾರುಕಟ್ಟೆಗೆ ಮರಳಿತು. 2022ರಲ್ಲಿ ಯೆಜ್ಡಿಯೂ ಬಂದಿತು. ಈ ಬಾರಿಯ ಎಂಜಿನ್ ನಾಲ್ಕು ಹೊಡೆತದ್ದು. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಮರಳಿ ಬಂದ ಜಾವಾ 293 ಸಿ.ಸಿ.ಯದು, ತೂಕ ಸುಮಾರು 170 ಕಿಲೋಗ್ರಾಂ, ಶಕ್ತಿ 27 ಅಶ್ವಬಲ. ಅಂದಿನ ಆನೆಯ ತೂಕ ಇಂದಿನ ಕುದುರೆಗೆ ಬಂದಿದೆ, ಆದರೆ ಕಾಲಿನ ಬಲ ಒಂದೂವರೆ ಪಟ್ಟಾಗಿದೆ. 2019ರಿಂದ 125 ಸಿ.ಸಿ.ಗೆ ಮೇಲ್ಪಟ್ಟ ಎಲ್ಲ ಹೊಸ ಗಾಡಿಗಳಲ್ಲಿಯೂ ಚಕ್ರ ಕಚ್ಚಿ ಜಾರದಂತೆ ತಡೆಯುವ ಬ್ರೇಕಿನ ವ್ಯವಸ್ಥೆ ಕಡ್ಡಾಯವಾಗಿದೆ. ಚುರುಕಿಗೆ ತಕ್ಕ ಕಡಿವಾಣವೂ ಕೊನೆಗೆ ಒದಗಿತೆಂದು ಸಂತೋಷಪಡಬೇಕು.

ನಡುವಯಸ್ಸಿನ ಗೃಹಸ್ಥನು ಮಡದಿಗೆ ಹೇಳಲಾರದೆಹೋದ ಉತ್ತರ ಇದೇ ಇರಬೇಕು: ಕಛೇರಿಯ ಕಡತ, ಮಗಳ ಫೀಸು, ಮನೆಯ ಕಂತು, ಇವಾವುವೂ ಅವನು ಕರೆದೊಡನೆ ಓಗೊಡುವುದಿಲ್ಲ. ಬೆಳಗಿನ ಖಾಲಿ ರಸ್ತೆಯಲ್ಲಿ ಮಣಿಕಟ್ಟಿನ ಒಂದು ತಿರುವಿಗೆ ತಟ್ಟನೆ ಮುನ್ನುಗ್ಗುವ ಜೀವವೊಂದು ಅವನಿಗೆ ಸಿಕ್ಕಿದೆ. ಆ ಸಂತೋಷಕ್ಕೆ ಅವನು ತೆರಬೇಕಾದ ಬೆಲೆ ಹೆಚ್ಚಿನದೇನಲ್ಲ: ಹಳೆಯ ಕಾಲಿಗೆ ಹೊಸ ಪಾಠ ಕಲಿಸುವ ತಾಳ್ಮೆ, ಮತ್ತು ಹೇಳಿದ ಹೊತ್ತಿಗೆ ತರಕಾರಿಯೊಡನೆ ಮನೆ ಸೇರುವ ವಿವೇಕ.