ಹಾಡನ್ನು ಹಾಡಿಯೇ ಕಾಯ್ದವರು: ಚಿಲಿಯ ಮಾರ್ಗೋಟ್ ಲೊಯೋಲಾ

ಲೊಯೋಲಾ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕಥೋಲಿಕ ಕುಟುಂಬಗಳಲ್ಲಿ ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸರ ನೆನಪಾಗುವುದು ಸಹಜ. ಆದರೆ ಇಲ್ಲಿ ಹೇಳಹೊರಟಿರುವುದು ಅದೇ ಕುಲನಾಮದ ಬೇರೊಬ್ಬರ ಕಥೆ. ದಕ್ಷಿಣ ಅಮೆರಿಕದ ಚಿಲಿ ದೇಶದ ಮಾರ್ಗೋಟ್ ಲೊಯೋಲಾ ಸಂತರಲ್ಲ, ಸನ್ಯಾಸಿನಿಯೂ ಅಲ್ಲ. ಅವರು ಗಾಯಕಿ, ನರ್ತಕಿ, ಶಿಕ್ಷಕಿ. 96 ವರ್ಷಗಳ ತಮ್ಮ ಬಾಳಿನ ಬಹುಭಾಗವನ್ನು ತಮ್ಮ ನಾಡಿನ ಜನಪದ ಹಾಡು ಮತ್ತು ಕುಣಿತಗಳನ್ನು ಕಲಿಯುವುದಕ್ಕೂ ಕಲಿಸುವುದಕ್ಕೂ ಅವರು ಮೀಸಲಿಟ್ಟರು. ಹಿರಿಯರಿಂದ ಬಂದುದನ್ನು ಉಳಿಸುವುದೆಂದರೆ ನಿಜವಾಗಿ ಏನು ಎಂಬ ಪ್ರಶ್ನೆಗೆ ಅವರ ಬದುಕೇ ಒಂದು ಉತ್ತರ.

ಈ ಪ್ರಶ್ನೆ ತೋರುವಷ್ಟು ಸರಳವಲ್ಲ. ಕುಂಬಾರನು ಕಾಲವಾದ ಬಳಿಕವೂ ಅವನು ಮಾಡಿದ ಮಡಕೆ ಉಳಿಯುತ್ತದೆ. ಶಿಲ್ಪಿ ಇಲ್ಲವಾದರೂ ವಿಗ್ರಹ ನಿಂತಿರುತ್ತದೆ. ಹಾಡಿನ ಅಸ್ತಿತ್ವ ಅಂಥದಲ್ಲ. ಯಾರೋ ಹಾಡುತ್ತಿರುವಷ್ಟು ಹೊತ್ತು ಮಾತ್ರ ಅದು ಇರುತ್ತದೆ. ಹಾಡು ನಿಂತೊಡನೆ ಅದು ಹಾಡುವವರ ನೆನಪಿಗೆ ಮರಳುತ್ತದೆ. ಆ ನೆನಪು ಮಣ್ಣು ಸೇರಿದರೆ ಹಾಡೂ ಮಣ್ಣು ಸೇರುತ್ತದೆ. ಕುಣಿತವಂತೂ ದೇಹವನ್ನು ಬಿಟ್ಟು ಇರಲಾರದು. ಸಂಪ್ರದಾಯವೆಂಬ ಅರ್ಥದಲ್ಲಿ ಧರ್ಮಸಭೆ ಬಳಸುವ ಲ್ಯಾಟಿನ್ ಪದದ ಮೂಲಾರ್ಥ ‘ಕೈಗೆ ಕೈಯಾಗಿ ಒಪ್ಪಿಸುವುದು’ ಎಂದು. ಒಪ್ಪಿಸುವುದಕ್ಕೆ ಇಬ್ಬರು ಬೇಕು: ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು.

ಮಾರ್ಗೋಟ್ ಲೊಯೋಲಾ 1918ರ ಸೆಪ್ಟೆಂಬರ್ 15ರಂದು ಚಿಲಿಯ ಮಧ್ಯಭಾಗದ ಲಿನಾರೆಸ್ ಪಟ್ಟಣದಲ್ಲಿ ಜನಿಸಿದರು. ರಾಜಧಾನಿ ಸಾಂಟಿಯಾಗೊದ ರಾಷ್ಟ್ರೀಯ ಸಂಗೀತ ಶಾಲೆಯಲ್ಲಿ ಪಿಯಾನೊ ಅಭ್ಯಾಸ ಮಾಡಿದರು. ಶಾಸ್ತ್ರೀಯ ಗಾಯನದ ಶಿಕ್ಷಣವನ್ನೂ ಪಡೆದರು. ಸಭಾಗೃಹಗಳ ಮನ್ನಣೆಯ ಹಾದಿ ಅವರ ಮುಂದೆ ತೆರೆದಿತ್ತು. ಆದರೂ ಸಹೋದರಿ ಎಸ್ತೆಲಾ ಅವರೊಡಗೂಡಿ ‘ಲೊಯೋಲಾ ಸಹೋದರಿಯರು’ ಎಂಬ ಹೆಸರಿನಲ್ಲಿ ಅವರು ಹಾಡಿದ್ದು ಹಳ್ಳಿಯ ಹಾಡುಗಳನ್ನು. 1944ರಲ್ಲಿ ಚಿಲಿ ವಿಶ್ವವಿದ್ಯಾಲಯವು ಸಾಂಪ್ರದಾಯಿಕ ಗೀತೆಗಳ ಧ್ವನಿಮುದ್ರಿಕೆಗಳನ್ನು ಹೊರತಂದಾಗ ಅದರಲ್ಲಿ ಈ ಸಹೋದರಿಯರ ದನಿಯೂ ಸೇರಿತ್ತು.

ಆ ಹಳ್ಳಿಗಳಲ್ಲಿ ಇದ್ದುದಾದರೂ ಏನು? 16ನೆಯ ಶತಮಾನದಿಂದ ಸ್ಪೇನ್ ದೇಶದವರ ಹಡಗುಗಳಲ್ಲಿ ಬಂದ ಗಿಟಾರ್ ಮತ್ತು ಹಾರ್ಪ್ ವಾದ್ಯಗಳು ಅಲ್ಲಿ ರೈತಾಪಿ ಹೆಣ್ಣುಮಕ್ಕಳ ಕೈಸೇರಿದ್ದವು. ಅಂಥ ಹಾಡುಗಾರ್ತಿಯನ್ನು ಜನ ‘ಕಾಂತೋರಾ’ ಎಂದು ಕರೆಯುತ್ತಿದ್ದರು. ಮದುವೆಗೆ, ಸುಗ್ಗಿಗೆ, ಸಾವಿನ ಮನೆಗೆ ಅವಳು ಬೇಕು. ಗಿಟಾರಿನ ತಂತಿಗಳನ್ನು ಶ್ರುತಿಗೊಳಿಸುವುದರಲ್ಲಿಯೇ ಹತ್ತಾರು ಬಗೆಗಳಿದ್ದವು. ಅವು ಯಾವ ಪುಸ್ತಕದಲ್ಲಿಯೂ ಇರದೆ ತಾಯಿಯಿಂದ ಮಗಳಿಗೆ ಇಳಿದು ಬರುತ್ತಿದ್ದವು. ಗಂಡಸರು 25 ತಂತಿಗಳ ‘ಗಿಟಾರೋನ್’ ನುಡಿಸುತ್ತ ಹತ್ತು ಸಾಲಿನ ಪದ್ಯಗಳನ್ನು ಹಾಡುತ್ತಿದ್ದರು. ಈ ಪದ್ಯಬಂಧಕ್ಕೆ ಸ್ಪೇನಿನ ಕವಿ, ಸಂಗೀತಗಾರ ಹಾಗೂ ಗುರುಗಳಾಗಿದ್ದ ವಿಸೆಂತೆ ಎಸ್ಪಿನೆಲ್ ಅವರ ಹೆಸರೇ ಇದೆ. ಲೌಕಿಕ ವಸ್ತುವಿನ ಹಾಡು ಒಂದು ಬಗೆಯಾದರೆ, ಪವಿತ್ರ ಗ್ರಂಥದ ಸೃಷ್ಟಿಕಥೆ, ಕ್ರಿಸ್ತನ ಪಾಡು, ಮಾತೆ ಮರಿಯಮ್ಮನವರ ವ್ಯಾಕುಲ ಇವುಗಳನ್ನು ಹಾಡುವ ‘ದೈವಿಕ ಗಾಯನ’ ಇನ್ನೊಂದು ಬಗೆ. ಗುರುಗಳು ವರ್ಷಕ್ಕೊಮ್ಮೆ ಬರುವುದೂ ದುರ್ಲಭವಾಗಿದ್ದ ಕುಗ್ರಾಮಗಳಲ್ಲಿ ಅಕ್ಷರ ಬಾರದ ಜನರಿಗೆ ಈ ಹಾಡುಗಳೇ ಧರ್ಮೋಪದೇಶವಾಗಿದ್ದವು.

ಜ್ಞಾನಸ್ನಾನ ಪಡೆದ ಹಸುಗೂಸು ತೀರಿಕೊಂಡಾಗ ಅಲ್ಲಿನವರು ಅದನ್ನು ‘ಪುಟ್ಟ ದೇವದೂತ’ ಎಂದು ಕರೆದು, ಬಿಳಿಯ ಉಡುಪು ತೊಡಿಸಿ, ಹೂಗಳ ನಡುವೆ ಕೂರಿಸಿ ರಾತ್ರಿಯಿಡೀ ಹಾಡುತ್ತಿದ್ದರು. ಮಗುವೇ ತಾಯಿಗೆ ವಿದಾಯ ಹೇಳುವಂತೆ ಹಾಡಿನ ಕೊನೆ ಇರುತ್ತಿತ್ತು. ಕಣ್ಣೀರು ಬಿದ್ದರೆ ದೇವದೂತನ ರೆಕ್ಕೆ ಒದ್ದೆಯಾಗಿ ಹಾರಲಾರದೆಂದು ತಾಯಿಯನ್ನು ಸಂತೈಸುತ್ತಿದ್ದರು. ಈ ನಂಬಿಕೆಯನ್ನು ತರ್ಕದ ತಕ್ಕಡಿಯಲ್ಲಿ ತೂಗುವುದು ಸುಲಭ. ಆದರೆ ಮಗುವನ್ನು ಕಳೆದುಕೊಂಡ ಮನೆಯಲ್ಲಿ ಬೆಳಗಿನವರೆಗೆ ಜೊತೆಗೂಡಿ ಕುಳಿತ ಆ ಹಾಡುಗಾರರ ಕರುಣೆಯನ್ನು ಯಾವ ತಕ್ಕಡಿ ತೂಗೀತು?

ಇಂಥ ಲೋಕದೊಳಕ್ಕೆ ಮಾರ್ಗೋಟ್ ಲೊಯೋಲಾ ವಿದ್ಯಾರ್ಥಿನಿಯಾಗಿ ಕಾಲಿಟ್ಟರು. ಉತ್ತರದ ಮರುಭೂಮಿಯಿಂದ ದಕ್ಷಿಣದ ದ್ವೀಪಗಳವರೆಗೆ ಚಿಲಿಯ ಉದ್ದಕ್ಕೂ ಸಂಚರಿಸಿದರು. ಪ್ರತಿ ವರ್ಷ ಜುಲೈ 16ರಂದು ಕಾರ್ಮೆಲ್ ಮಾತೆಯ ಹಬ್ಬಕ್ಕೆ ಲಾ ತಿರಾನಾ ಎಂಬ ಪುಟ್ಟ ಊರಿಗೆ ನರ್ತಕ ಸಂಘಗಳು ಹರಕೆ ಹೊತ್ತು ಬಂದು ಮಾತೆಯ ಮುಂದೆ ಕುಣಿಯುತ್ತವೆ. ಆ ಕುಣಿತಗಳನ್ನು ಅಭ್ಯಸಿಸಿದರು. ತಾರಾಪಕಾ ಪ್ರಾಂತದ ಓಯಸಿಸ್ ಹಳ್ಳಿಗಳ ‘ಕಾಚಿಂಬೊ’ ಎಂಬ ಕುಣಿತವನ್ನು ಕುರಿತು 1994ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಸ್ಪ್ಯಾನಿಷ್ ಪರಂಪರೆಯಷ್ಟಕ್ಕೇ ನಿಲ್ಲದೆ ಮಾಪುಚೆ ಮೂಲನಿವಾಸಿಗಳ ಹಾಗೂ ರಾಪಾ ನುಯಿ ದ್ವೀಪದವರ ಹಾಡುಗಳನ್ನೂ ಕಲಿತರು. ಕುಣಿತದ ಸಂಶೋಧಕರಾದ ಪತಿ ಓಸ್ವಾಲ್ಡೊ ಕಾಡಿಸ್ ಈ ದುಡಿಮೆಯಲ್ಲಿ ಅವರಿಗೆ ಜೊತೆಯಾದರು.

ಇಲ್ಲೊಂದು ಆಕ್ಷೇಪ ಏಳುವುದು ನ್ಯಾಯವೇ. ಹಳ್ಳಿಯ ಅಂಗಳದ ಹಾಡನ್ನು ನಗರದ ವೇದಿಕೆಗೆ ತಂದರೆ ಅದು ಅದೇ ಹಾಡಾಗಿ ಉಳಿದೀತೆ? ಶವದ ಮುಂದೆ ಹಾಡಬೇಕಾದುದನ್ನು ಟಿಕೆಟ್ಟು ಕೊಂಡವರ ಮುಂದೆ ಹಾಡುವುದು ಸರಿಯೆ? ಈ ಅಪಾಯ ನಿಜವಾದುದು. ಕಲಿಸಿದವರ ಊರನ್ನೂ ಬದುಕನ್ನೂ ಅಳಿಸಿಹಾಕಿ ಕೇವಲ ರಾಗವನ್ನು ಎತ್ತಿಕೊಂಡು ಹೋಗುವುದು ಒಂದು ಬಗೆಯ ಕಳವೇ ಸರಿ. ಅದಕ್ಕೆ ಮದ್ದು ಒಂದೇ: ಹಾಡಿನೊಡನೆ ಹಾಡಿದವರನ್ನೂ ಹೊತ್ತು ತರುವುದು. ‘ತೊನಾದಾ’ ಎಂಬ ಹಾಡಿನ ಪ್ರಕಾರವನ್ನು ಕುರಿತು 2006ರಲ್ಲಿ ಬಂದ ತಮ್ಮ ಗ್ರಂಥದ ಹೆಸರಿನಲ್ಲಿ ಅವರು ‘ಭವಿಷ್ಯಕ್ಕಾಗಿ ಸಾಕ್ಷ್ಯಗಳು’ ಎಂಬ ಮಾತನ್ನು ಸೇರಿಸಿದರು. ಸಾಕ್ಷಿ ನುಡಿಯುವವನು ತಾನು ಕಂಡುದನ್ನು ನುಡಿಯುತ್ತಾನೆ. ಅದನ್ನು ತನ್ನ ಸ್ವತ್ತೆನ್ನುವುದಿಲ್ಲ.

ಪಡೆದುದನ್ನು ಅವರು ಬಚ್ಚಿಡಲಿಲ್ಲ. 1949ರಿಂದ ಚಿಲಿ ವಿಶ್ವವಿದ್ಯಾಲಯದ ರಜಾಕಾಲದ ಶಾಲೆಗಳಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು. ಆ ಪಾಠಗಳಿಂದ 1955ರಲ್ಲಿ ‘ಕುನ್‌ಕುಮೆನ್’ ತಂಡವೂ 1958ರಲ್ಲಿ ಗಾಬ್ರಿಯೇಲಾ ಪಿಸಾರೊ ಅವರ ‘ಮಿಯಾರಾಯ್’ ತಂಡವೂ ಹುಟ್ಟಿದವು. ಮುಂದೆ ಜಗತ್ತೇ ಬಲ್ಲ ಗಾಯಕರಾದ ವಿಕ್ಟರ್ ಹಾರಾ ಕುನ್‌ಕುಮೆನ್ ತಂಡದಲ್ಲಿ ಹಾಡಿದವರು. 1972ರಿಂದ ಮಾರ್ಗೋಟ್ ವಾಲ್ಪರೈಸೊದ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾದರು.

ಮರುವರ್ಷವೇ ಆ ನಾಡಿನ ಮೇಲೆ ಕತ್ತಲೆ ಕವಿಯಿತು. 1973ರ ಸೆಪ್ಟೆಂಬರ್ 11ರಂದು ಸೈನ್ಯ ಅಧಿಕಾರ ಕಸಿದುಕೊಂಡಿತು. ಕೆಲವೇ ದಿನಗಳಲ್ಲಿ ವಿಕ್ಟರ್ ಹಾರಾ ಸೈನಿಕರ ಗುಂಡಿಗೆ ಬಲಿಯಾದರು. ಮುಂದಿನ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಬಂಧನದ ಬಳಿಕ ಕಾಣೆಯಾದರು. 1976ರಲ್ಲಿ ಕಾರ್ಡಿನಲ್ ರಾವುಲ್ ಸಿಲ್ವಾ ಎನ್ರಿಕೆಸ್ ಅವರು ಸ್ಥಾಪಿಸಿದ ಐಕಮತ್ಯ ಕೇಂದ್ರವು ಕಾಣೆಯಾದವರ ಕುಟುಂಬಗಳಿಗೆ ಆಸರೆಯಾಯಿತು. ‘ಕ್ವೇಕಾ’ ಚಿಲಿಯ ಜನರ ಅಚ್ಚುಮೆಚ್ಚಿನ ಕುಣಿತ. ಗಂಡು ಹೆಣ್ಣು ಕರವಸ್ತ್ರ ಬೀಸುತ್ತ ಒಬ್ಬರನ್ನೊಬ್ಬರು ಸುತ್ತಿ ಕುಣಿಯುವಂಥದು. 1978ರಲ್ಲಿ ಕಾಣೆಯಾದವರ ಮನೆಯ ಹೆಂಗಸರು ಎದೆಯ ಮೇಲೆ ತಮ್ಮವರ ಭಾವಚಿತ್ರ ಧರಿಸಿ ಅದೇ ಕ್ವೇಕಾವನ್ನು ಒಂಟಿಯಾಗಿ ಕುಣಿದರು. ಜೊತೆಗಾರನಿರಬೇಕಾದ ಜಾಗ ಬರಿದಾಗಿಯೇ ಇತ್ತು. ಮರುವರ್ಷ, 1979ರಲ್ಲಿ, ಸೈನಿಕ ಸರ್ಕಾರವು ಕ್ವೇಕಾವನ್ನು ರಾಷ್ಟ್ರೀಯ ನೃತ್ಯವೆಂದು ಘೋಷಿಸಿತು.

ಕುಣಿತ ಒಂದೇ, ಒಂದೆಡೆ ಅದಕ್ಕೆ ಸರ್ಕಾರದ ಮುದ್ರೆ, ಇನ್ನೊಂದೆಡೆ ವಿಧವೆಯರ ಮೂಕ ಪ್ರಶ್ನೆ. ಆಜ್ಞೆಯಿಂದ ಕುಣಿತಕ್ಕೆ ಗೌರವ ಕೊಡಿಸಬಹುದು, ಜೀವ ಕೊಡಿಸಲಾಗದು. ತಲೆಮಾರುಗಳ ಕಾಲ ಕೈಯಿಂದ ಕೈಗೆ ಸಾಗಿ ಬಂದಿದ್ದರಿಂದಲೇ ಅದು ಆ ಹೆಂಗಸರ ಕಾಲುಗಳಲ್ಲಿತ್ತು. ಮಾತು ನಿಷಿದ್ಧವಾದಾಗ ಅವರಿಗೆ ಮಾತಾಗಿ ಒದಗಿತು. ಪರಂಪರೆ ಏಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಬಲವಾದ ಉತ್ತರ ನನಗೆ ತಿಳಿಯದು. 2010ರಲ್ಲಿ, ತೊಂಬತ್ತು ದಾಟಿದ ಮಾರ್ಗೋಟ್ ಲೊಯೋಲಾ ಕ್ವೇಕಾ ಕುರಿತ ತಮ್ಮ ಗ್ರಂಥವನ್ನು ಹೊರತಂದಾಗ ಅದನ್ನು ‘ಬಾಳಿನ ಮತ್ತು ಸಾವಿನ ನೃತ್ಯ’ ಎಂದು ಕರೆದರು.

1994ರಲ್ಲಿ ಚಿಲಿ ತನ್ನ ರಾಷ್ಟ್ರೀಯ ಸಂಗೀತ ಪ್ರಶಸ್ತಿಯನ್ನು ಅವರಿಗೆ ನೀಡಿತು. 2015ರ ಆಗಸ್ಟ್ 3ರಂದು ಅವರು ಕಣ್ಣು ಮುಚ್ಚಿದರು. ಅವರ ಸಂಗ್ರಹವನ್ನು ವಾಲ್ಪರೈಸೊದ ಅದೇ ವಿಶ್ವವಿದ್ಯಾಲಯ ಕಾಪಾಡಿಕೊಂಡಿದೆ. ಅದು ಅಗತ್ಯವಾದುದೇ. ಆದರೆ ಹಾಡು ಕಪಾಟಿನಲ್ಲಿ ನಿದ್ರಿಸುತ್ತದೆ, ಕೊರಳಿನಲ್ಲಿ ಎಚ್ಚರಗೊಳ್ಳುತ್ತದೆ. ಅಜ್ಜಿಯೊಬ್ಬಳು ಗುನುಗುವ ಹಾಡನ್ನು ಮೊಮ್ಮಗಳು ಪಕ್ಕದಲ್ಲಿ ಕುಳಿತು ಒಮ್ಮೆ ತಾನೂ ಹಾಡಿ ನೋಡಿದರೆ ಮಾರ್ಗೋಟ್ ಲೊಯೋಲಾ ಮಾಡಿದ ಕೆಲಸವೇ ಆ ಮನೆಯಲ್ಲಿಯೂ ನಡೆದಂತೆ. ಅಜ್ಜಿ ಇರುವಾಗಲೇ ಅದು ನಡೆಯಬೇಕು.